ಕೀಬೋರ್ಡಿನಿಂದ ಗಾಂಧಾರವನ್ನು ತೆಗೆದ ಮೇಲೆ: ಜಾಝ್ ಕೂಡಿದ ಕಚೇರಿಯಲ್ಲಿ ನನ್ನ ಅನುಭವ

ವಯಲಿನ್ ಮತ್ತು ಮೃದಂಗಗಳ ಜೊತೆಗೆ ಬೇಸ್ ಗಿಟಾರ್, ಕೀಬೋರ್ಡ್, ಡ್ರಮ್ಸ್, ಸ್ಯಾಕ್ಸೋಫೋನ್‌ಗಳನ್ನು ಒಂದೇ ವೇದಿಕೆಯಲ್ಲಿ ಕೂರಿಸಿ, ಸಿನಿಮಾ ಹಾಡಿನ ಆಸರೆಯಿಲ್ಲದೆ, ರಾಗದ ಮುಖ ಕೆಡದಂತೆ ಎರಡು ಗಂಟೆಯ ಕಚೇರಿ ನಡೆಸುವುದು ಆಗುವ ಮಾತಲ್ಲ ಎಂದು ನನಗೆ ಹೇಳಿದವರು ಬಹಳ ಮಂದಿ. ಬದಿಯಡ್ಕ, ಕುಂಬಳೆ, ನೀರ್ಚಾಲು ಕಡೆಯ ಹಿರಿಯ ವಿದ್ವಾಂಸರು ಹೇಳಿದರು. ಮಂಗಳೂರಿನಲ್ಲಿ ಜಾಝ್ ನುಡಿಸುವ ಗೆಳೆಯರೂ ಬೇರೆ ಕಾರಣ ಕೊಟ್ಟು ಅದನ್ನೇ ಹೇಳಿದರು. ಈಗ ಎರಡು ವರ್ಷಗಳಿಂದ ಅದೇ ಕಚೇರಿಯನ್ನು ನಾವು ಕಾಸರಗೋಡು ಜಿಲ್ಲೆಯಲ್ಲಿಯೂ ಗಡಿಯ ಆಚೆ ದಕ್ಷಿಣ ಕನ್ನಡದಲ್ಲಿಯೂ ನಡೆಸುತ್ತಿದ್ದೇವೆ, ಒಮ್ಮೆ ಕರೆದವರು ಮತ್ತೆ ಕರೆಯುತ್ತಿದ್ದಾರೆ. ಹೇಗೆ ಕೂಡಿಬಂತು ಎಂದು ಕೇಳುವ ಸಹವಾದಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಖರಹರಪ್ರಿಯ ರಾಗವೇ ಜಾಝಿನವರ ಡೋರಿಯನ್ ಸ್ವರಶ್ರೇಣಿ, ಹರಿಕಾಂಭೋಜಿಯೇ ಅವರ ಮಿಕ್ಸೊಲಿಡಿಯನ್ ಎಂಬಷ್ಟು ಲೆಕ್ಕ ಗೊತ್ತಿದ್ದವರಿಗೆ ಇಲ್ಲಿ ಬೇರೆ ಪಾಠದ ಅಗತ್ಯ ಬೀಳುವುದಿಲ್ಲ.

ಎಲ್ಲರೂ ಆರಂಭಿಸುವಂತೆ ನಾವೂ ಕೃತಿಗೆ ಕಾರ್ಡ್, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಚ್ಛ, ಹಾಕುವುದರಿಂದಲೇ ಆರಂಭಿಸಿದೆವು. ಹಂಸಧ್ವನಿಯನ್ನು ಆರಿಸಿಕೊಂಡೆವು, ಏಕೆಂದರೆ ಕಾಗದದ ಮೇಲೆ ಅದು ಬಹಳ ಸುಲಭ: ಸ-ಗ-ಪ ಒಂದು ಕಾರ್ಡ್, ಪ-ನಿ-ರಿ ಇನ್ನೊಂದು, ಗ-ಪ-ನಿ ಮತ್ತೊಂದು, ಮೂರೂ ರಾಗದ ಒಳಗಿನ ಸ್ವರಗಳೇ. ನುಡಿಸಿ ನೋಡಿದಾಗ ಪಲ್ಲವಿಯ ಎರಡನೆಯ ಸಂಗತಿಯಲ್ಲಿಯೇ (ಅದೇ ಸಾಲಿನ ಬದಲಿಸಿದ ರೂಪ) ತೊಡಕು ಕಾಣಿಸಿತು. ಕೀಬೋರ್ಡಿನವರು ಪ-ನಿ-ರಿ ಕಾರ್ಡಿಗೆ ಹೋದ ಕೂಡಲೇ, ತಂಬೂರಿ ಆಧಾರ ಸ್ವರವಾದ ಷಡ್ಜವನ್ನೇ (ಸ) ಮೀಟುತ್ತಿದ್ದರೂ, ಕಿವಿ ಪಂಚಮವನ್ನು ಆಧಾರವೆಂದು ಹಿಡಿಯತೊಡಗುತ್ತದೆ. ಆಗ ವಯಲಿನ್ನಿನ ರಿಷಭ ರಿಷಭವಾಗಿ ಕೇಳಿಸುವುದೇ ಇಲ್ಲ. ರಾಗದ ಸ್ವರಗಳನ್ನೇ ಬಳಸಿದರೂ ರಾಗ ಉಳಿಯುವುದಿಲ್ಲ ಎಂಬುದು ಅಲ್ಲಿ ನಮಗೆ ತಿಳಿಯಿತು. ಕಲ್ಯಾಣಿಯಲ್ಲಿ ಇದು ಇನ್ನೂ ಕೆಟ್ಟಿತು, ಶಂಕರಾಭರಣದ ಸ್ಥಿತಿಯೂ ಅಷ್ಟೇ. ಕಂಪಿತ ಸ್ವರದ, ಅಂದರೆ ಆಡಿಸಿ ನುಡಿಸುವ ಸ್ವರದ, ಅಡಿಯಲ್ಲಿ ಕದಲದೆ ನಿಂತ ಅದೇ ಸ್ವರ ಮೊಳಗಿದರೆ, ನುಡಿಸುವವನು ಎಷ್ಟೇ ಶುದ್ಧವಾಗಿ ನುಡಿಸಿದರೂ ಕೇಳುವವರಿಗೆ ಅಪಶ್ರುತಿಯೆಂದೇ ಅನ್ನಿಸುತ್ತದೆ.

ಆ ಸಿದ್ಧತೆಯಲ್ಲಿಯೇ ನಾವು ಒಂದು ದೇವಸ್ಥಾನದ ವಾರ್ಷಿಕೋತ್ಸವದಲ್ಲಿ ನುಡಿಸಿದೆವು. ಕೊಟ್ಟ ಸಂಭಾವನೆ ಒಟ್ಟು 15 ಸಾವಿರ. ಡ್ರಮ್ಸ್ ಬಾಡಿಗೆ, ಮಂಗಳೂರಿನಿಂದ ಮೂವರನ್ನು ಕರೆತಂದು ಬಿಟ್ಟುಬಂದ ವಾಹನ, ಅವರ ಸಂಭಾವನೆ, ಮೊದಲಿನ ಅಭ್ಯಾಸದ ದಿನಗಳ ಊಟ ತಿಂಡಿ ಎಲ್ಲ ಸೇರಿ ನನಗೆ ತಗಲಿದ್ದು 40 ಸಾವಿರದ ಹತ್ತಿರ ಇರಬೇಕು. ಕಚೇರಿ ಮುಗಿದ ಮೇಲೆ ಸಂಘಟಕರು ಬಂದು, ಮುಂದಿನ ವರ್ಷ ಕೇರಳದಲ್ಲೆಲ್ಲ ನಡೆಯುವಂತಹ ವಯಲಿನ್ ಫ್ಯೂಷನ್ ಮಾಡಿ, ನಾಲ್ಕು ಸಿನಿಮಾ ಹಾಡು ಹಾಕಿ, ಜನ ನಿಲ್ಲುತ್ತಾರೆ ಎಂದು ಸಲಹೆ ಕೊಟ್ಟರು. ಅದೂ ಒಂದು ಕಲೆಯೇ, ಅದನ್ನು ಬಹಳ ಚೆನ್ನಾಗಿ ಮಾಡುವವರಿದ್ದಾರೆ, ಆದರೆ ನನಗೆ ಬೇಕಾದದ್ದು ಅದಲ್ಲ. ಆ ವರ್ಷ ಒಪ್ಪಿಕೊಂಡಿದ್ದರೆ ಆರೇಳು ಉತ್ಸವಗಳ ಕಾರ್ಯಕ್ರಮ ಸಿಗುತ್ತಿತ್ತು, ಒಪ್ಪಲಿಲ್ಲ. ಆ ಕೊರತೆಯನ್ನು ತುಂಬಿದ್ದು ವಯಲಿನ್ ಪಾಠದ ಶುಲ್ಕ ಮತ್ತು ಎರಡು ಕ್ವಿಂಟಾಲಿನಷ್ಟು ಚಾಲಿ ಅಡಿಕೆ ಮಾರಿದ ಹಣ.

ಈ ದಾರಿಯಲ್ಲಿ ನಮಗಿಂತ ಮೊದಲು ನಡೆದವರು ಏನು ಮಾಡಿದ್ದಾರೆಂದು ಮತ್ತೆ ಕೂತು ಕೇಳಿದೆ. 1970ರ ದಶಕದ ನಡುವಿನಲ್ಲಿ ಗಿಟಾರಿನ ಜಾನ್ ಮೆಕ್‌ಲಾಫ್ಲಿನ್, ವಯಲಿನ್ನಿನ ಎಲ್. ಶಂಕರ್, ತಬಲಾದ ಝಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಂ ಸೇರಿ ಕಟ್ಟಿದ ‘ಶಕ್ತಿ’ ತಂಡದಲ್ಲಿ ಕೀಬೋರ್ಡ್ ಇರಲಿಲ್ಲ, ಬೇಸ್ ಇರಲಿಲ್ಲ, ಡ್ರಮ್ಸ್ ಇರಲಿಲ್ಲ. ಮೆಕ್‌ಲಾಫ್ಲಿನ್ ಗಿಟಾರಿನ ಮನೆಗಳ (ಫ್ರೆಟ್) ನಡುವೆ ಮರವನ್ನು ಕೆತ್ತಿಸಿ ತೋಡು ಮಾಡಿಸಿಕೊಂಡಿದ್ದರು, ತಂತಿಯನ್ನು ಒತ್ತಿ ಎಳೆದು ಗಮಕ, ಅಂದರೆ ಸ್ವರದ ಬಳುಕು, ತರುವುದಕ್ಕಾಗಿ. ಅಂದರೆ ಸ್ಥಿರ ಸ್ವರದ ತೊಂದರೆಯನ್ನು ಅವರು ವಾದ್ಯದಲ್ಲಿಯೇ ಪರಿಹರಿಸಿಕೊಂಡಿದ್ದರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು, ಅಂದರೆ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರು, 1980ರ ದಶಕದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಅವರೊಂದಿಗೆ ನುಡಿಸಿದಾಗಲೂ ಕಾರ್ಡಿನ ಭಾರ ರಾಗದ ಮೇಲೆ ಬೀಳಲಿಲ್ಲ. ನಮ್ಮ ಸೀಮೆಯವರೇ ಆದ ಕದ್ರಿ ಗೋಪಾಲನಾಥರು 2008ರಲ್ಲಿ ಹೊರಬಂದ ಧ್ವನಿಮುದ್ರಿಕೆಯಲ್ಲಿ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆ ನುಡಿಸಿದ್ದನ್ನು ಕೇಳಿದರೆ, ಎರಡು ಆಲ್ಟೋ ಸ್ಯಾಕ್ಸೋಫೋನುಗಳು ಒಂದನ್ನೊಂದು ಅಡ್ಡಗಟ್ಟದೆ ಸಾಗುವುದು ಕಾಣುತ್ತದೆ. ಇವರೆಲ್ಲರ ದಾರಿ ಕೀಬೋರ್ಡನ್ನು ಬದಿಗಿಡುವುದು. ನನಗೆ ಕೀಬೋರ್ಡ್ ಬೇಕಿತ್ತು. ನನ್ನ ಹಟ ಅದು, ಏಕೆಂದರೆ ಜಾಝಿನ ಬಣ್ಣದಲ್ಲಿ ಅರ್ಧ ಇರುವುದು ಅಲ್ಲಿಯೇ.

ಪರಿಹಾರ ಸಿಕ್ಕಿದ್ದು 2020ರಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಕೊರೋನಾದ ಕಾರಣ ತಲಪಾಡಿಯ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ನಮ್ಮ ತಂಡದ ಅರ್ಧ ಆಚೆ, ಅರ್ಧ ಈಚೆ ಉಳಿಯಿತು. ಅಂತರ್ಜಾಲದಲ್ಲಿ ಒಟ್ಟಿಗೆ ನುಡಿಸಲು ಹೋದರೆ ಧ್ವನಿ ತಡವಾಗಿ ತಲುಪಿ ತಾಳ ನಿಲ್ಲುವುದಿಲ್ಲ, ಹಾಗಾಗಿ ಒಬ್ಬೊಬ್ಬರೂ ಮನೆಯಲ್ಲಿ ಧ್ವನಿಮುದ್ರಿಸಿ ಕಳಿಸತೊಡಗಿದೆವು. ಒಂದೊಂದು ವಾದ್ಯವೂ ಬೇರೆ ಬೇರೆ ಪದರವಾಗಿ ನನ್ನ ಲ್ಯಾಪ್‌ಟಾಪಿನಲ್ಲಿದ್ದುದರಿಂದ, ಕೀಬೋರ್ಡಿನ ಯಾವ ಸ್ವರ ವಯಲಿನ್ನಿಗೆ ತಗಲುತ್ತದೆ ಎಂದು ಒಂದೊಂದಾಗಿ ತೆಗೆದು ನೋಡಲು ಮೊದಲ ಬಾರಿಗೆ ಸಾಧ್ಯವಾಯಿತು. ತಗಲುತ್ತಿದ್ದುದು ಹೆಚ್ಚುಕಡಿಮೆ ಪ್ರತಿಸಲವೂ ಗಾಂಧಾರ (ಗ). ನಂತರ ನಿಷಾದ (ನಿ) ಮತ್ತು ಧೈವತ (ಧ). ಷಡ್ಜ, ರಿಷಭ, ಮಧ್ಯಮ, ಪಂಚಮಗಳು ತಗಲುವುದೇ ಇಲ್ಲ. ಇದಕ್ಕೆ ಲೆಕ್ಕವೂ ಇದೆ. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ಕೀಬೋರ್ಡಿನ ಶ್ರುತಿಯಲ್ಲಿ ಪಂಚಮ ಮತ್ತು ಶುದ್ಧ ಮಧ್ಯಮಗಳು ನಮ್ಮ ಶುದ್ಧ ಸ್ಥಾನದಿಂದ 2 ಸೆಂಟ್ (ಸೆಂಟ್ ಎಂದರೆ ಅರ್ಧ ಸ್ವರದ ನೂರನೆಯ ಒಂದು ಪಾಲು) ಮಾತ್ರ ಸರಿದಿರುತ್ತವೆ, ಚತುಃಶ್ರುತಿ ರಿಷಭ 4 ಸೆಂಟ್; ಅಂತರ ಗಾಂಧಾರವಾದರೆ 14 ಸೆಂಟ್ ಮೇಲಕ್ಕೆ, ಸಾಧಾರಣ ಗಾಂಧಾರ 16 ಸೆಂಟ್ ಕೆಳಕ್ಕೆ. ಅದರ ಮೇಲೆ ಗಮಕವೂ ಸೇರಿದರೆ ಎರಡೂ ಕೂಡುವ ಮಾತೇ ಇಲ್ಲ.

ಅಂದಿನಿಂದ ನಮ್ಮ ಕೀಬೋರ್ಡಿನಲ್ಲಿ ಗಾಂಧಾರ ನಿಷಿದ್ಧ. ಖರಹರಪ್ರಿಯದಲ್ಲಿ ಕೀಬೋರ್ಡಿನವರು ಹಿಡಿಯುವುದು ಮುಖ್ಯವಾಗಿ ಎರಡೇ ಹಿಡಿತ: ಕೆಳಗಿನಿಂದ ಮೇಲಕ್ಕೆ ರಿ-ಪ-ಸ, ಮತ್ತು ಪ-ಸ-ಮ. ಎರಡೂ ಒಂದು ಸ್ವರದಿಂದ ಅದರ ನಾಲ್ಕನೆಯದಕ್ಕೆ ಹಾರಿ ಜೋಡಿಸಿದ ಕಾರ್ಡುಗಳು. ಜಾಝ್ ಸ್ಯಾಕ್ಸೋಫೋನಿನ ಜಾನ್ ಕೋಲ್ಟ್ರೇನರ ತಂಡದಲ್ಲಿ ಮೆಕಾಯ್ ಟೈನರ್ ಅವರ ಪಿಯಾನೋ ಕೇಳಿದವರಿಗೆ ಈ ಜೋಡಣೆಯ ಬಣ್ಣ ಕೂಡಲೇ ಗುರುತು ಸಿಗುತ್ತದೆ. ಸ-ಮ-ನಿ ಎಂಬ ಮೂರನೆಯ ಹಿಡಿತವೂ ಇದೆ, ಆದರೆ ಅದು ವಯಲಿನ್ ಅಥವಾ ಸ್ಯಾಕ್ಸೋಫೋನ್ ಷಡ್ಜದಲ್ಲೋ ಪಂಚಮದಲ್ಲೋ ಕಾರ್ವೆ ಕೊಟ್ಟು, ಅಂದರೆ ಸ್ವರವನ್ನು ಎಳೆದು ಹಿಡಿದು, ನಿಂತಾಗ ಮಾತ್ರ. ಗಾಂಧಾರವನ್ನು ಹೇಳುವ ಹಕ್ಕು ರಾಗ ನುಡಿಸುವವನಿಗೆ ಬಿಟ್ಟದ್ದು. ಮಂಗಳೂರಿನ ಕೀಬೋರ್ಡ್ ಗೆಳೆಯನಿಗೆ ಆರಂಭದಲ್ಲಿ ಇದು ಕೈಕಟ್ಟಿದಂತಾಯಿತು. ಮೂರನೆಯ ಸ್ವರವಿಲ್ಲದೆ ಕಾರ್ಡಿಗೆ ಮುಖವೇ ಇಲ್ಲ ಎಂದು ಅವನ ವಾದ. ಮೂರ್ನಾಲ್ಕು ತಿಂಗಳ ನಂತರ ಅವನೇ ತನ್ನ ಬೇರೆ ತಂಡದಲ್ಲಿಯೂ ಅದೇ ಹಿಡಿತಗಳನ್ನು ಬಳಸತೊಡಗಿದ.

ಎರಡನೆಯ ನಿರ್ಧಾರ ಶ್ರುತಿಯದು. ನನ್ನ ರೂಢಿಯ ಶ್ರುತಿಯಲ್ಲಿ ಎಲ್ಲರನ್ನೂ ಎಳೆಯುವುದನ್ನು ಬಿಟ್ಟು, ಎರಡೂವರೆ ಕಟ್ಟೆಗೆ, ಅಂದರೆ ಯಕ್ಷಗಾನದವರು ಕಪ್ಪು ಎರಡು ಎನ್ನುವ ಇ-ಫ್ಲಾಟಿಗೆ ನಿಂತೆವು. ಆಲ್ಟೋ ಸ್ಯಾಕ್ಸೋಫೋನ್ ಇ-ಫ್ಲಾಟಿನ ವಾದ್ಯವಾದ್ದರಿಂದ ಅದರ ಸಿ ಎಂಬ ಸ್ವರವೇ ನಮ್ಮ ಷಡ್ಜವಾಗುತ್ತದೆ, ಬೆರಳುಗಳಿಗೆ ತೊಡಕಿಲ್ಲ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಇ ಆದ್ದರಿಂದ ನಮ್ಮ ಷಡ್ಜ ಅದಕ್ಕೂ ಅರ್ಧ ಸ್ವರ ಕೆಳಗೆ ಬೀಳುತ್ತದೆ. ನಾಲ್ಕು ತಂತಿಗಳನ್ನೂ ಅರ್ಧ ಸ್ವರ ಇಳಿಸಿದೆವು. ಆಗ ಸಿಕ್ಕಿದ ಲಾಭ ನೋಡಿ: ಬೇಸಿನ ನಾಲ್ಕು ತೆರೆದ ತಂತಿಗಳು ಸ, ಮ, ಕೈಶಿಕಿ ನಿಷಾದ, ಸಾಧಾರಣ ಗಾಂಧಾರ. ಖರಹರಪ್ರಿಯ, ಆಭೇರಿ, ಹಿಂದೋಳ, ಶುದ್ಧಧನ್ಯಾಸಿಗಳಿಗೆ ತೆರೆದ ತಂತಿಯೇ ಸಾಕು, ಮಂದ್ರ ಷಡ್ಜವಂತೂ ಸಭಾಂಗಣದ ನೆಲಕ್ಕೆ ತಟ್ಟುತ್ತದೆ. ಮೋಹನದಲ್ಲಿ ಮಾತ್ರ ಕೆಳಗಿನ ತಂತಿಯೊಂದನ್ನು ಬಿಟ್ಟು ಉಳಿದ ತೆರೆದ ತಂತಿಗಳನ್ನು ಮುಟ್ಟಬಾರದು. ಕೀಬೋರ್ಡಿನ ಶ್ರುತಿ 440 ಹರ್ಟ್ಸಿಗೆ ಸ್ಥಿರವಾಗಿರುವುದರಿಂದ ಎಲೆಕ್ಟ್ರಾನಿಕ್ ತಂಬೂರಿಯನ್ನು ಕಿವಿಯ ಅಂದಾಜಿನಲ್ಲಿ ತಿರುಗಿಸದೆ ಟ್ಯೂನರ್ ಇಟ್ಟುಕೊಂಡೇ ಕೂಡಿಸಬೇಕು. ಮಳೆಗಾಲದಲ್ಲಿ ನಮ್ಮ ಕಡೆಯ ಹವೆಗೆ ಮೃದಂಗದ ಮುಚ್ಚಿಗೆ ಸಡಿಲಾಗಿ ಶ್ರುತಿ ಇಳಿಯುತ್ತದೆ. ಉಳಿದವರು ಅದಕ್ಕೆ ಇಳಿದುಬರುವ ಹಾಗಿಲ್ಲ, ಆದ್ದರಿಂದ ಇದೇ ಶ್ರುತಿಯ ಎರಡು ಮೃದಂಗಗಳನ್ನು ಒಯ್ಯುತ್ತೇವೆ.

ಸ್ಯಾಕ್ಸೋಫೋನ್ ವಾದಕನನ್ನು ನಾನು ಜಾಝ್ ಕೂಟಗಳಲ್ಲಿ ಹುಡುಕಲಿಲ್ಲ. ತುಳುನಾಡಿನಲ್ಲಿ ಮದುವೆಗೂ ದೇವಸ್ಥಾನದ ಉತ್ಸವ ಬಲಿಗೂ ಸ್ಯಾಕ್ಸೋಫೋನ್ ಊದುವವರಿದ್ದಾರೆ, ಕಾಸರಗೋಡು ಜಿಲ್ಲೆಯಲ್ಲಿಯೂ ಇದ್ದಾರೆ. ಬಲಿ ಉತ್ಸವದಲ್ಲಿ ಗಂಟೆಗಟ್ಟಲೆ ಉಸಿರು ಹಿಡಿದು ರಾಗ ಬೆಳೆಸುವ ಶಕ್ತಿ ಅವರಿಗಿದೆ. ನಮ್ಮ ತಂಡದವನು ಅಂತಹ ಮನೆತನದ ಹುಡುಗ. ಅವನಿಗೆ ಜಾಝಿನ ಕಾರ್ಡ್ ಪ್ರಗತಿಗಳು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ, ಏಕೆಂದರೆ ನಾವು ಕಾರ್ಡ್ ಬದಲಿಸುವುದೇ ಇಲ್ಲ. 1959ರಲ್ಲಿ ಜಾಝ್ ತುತ್ತೂರಿ ವಾದಕ ಮೈಲ್ಸ್ ಡೇವಿಸ್ ಹಿಡಿದ ದಾರಿಯಲ್ಲಿ, ತಾಳದ ಅಳತೆಯ 32 ಬಾರ್‌ಗಳಿಗೆ ಎರಡೇ ಸ್ವರಶ್ರೇಣಿ ಸಾಕಾಯಿತು; ಕಾರ್ಡಿನ ಓಟ ನಿಂತ ಮೇಲೆ ವಾದಕನು ಸ್ವರದ ಮೇಲೆ ಕುಳಿತು ಯೋಚಿಸಬಲ್ಲ. ಖರಹರಪ್ರಿಯದ ಗಾಂಧಾರವನ್ನು ಅವನು ಕಂಪಿತದಲ್ಲಿ ಊದುವಾಗ ಕೆಳಗೆ ರಿ-ಪ-ಸ ನಿಂತಿದ್ದರೆ, ಜಾಝ್ ಕೇಳಿದವರಿಗೆ ಅದು ಬ್ಲೂಸ್ ಸ್ವರದಂತೆಯೂ ಕರ್ನಾಟಕ ಸಂಗೀತ ಕೇಳಿದವರಿಗೆ ಗಾಂಧಾರವೇ ಆಗಿಯೂ ಕೇಳಿಸುತ್ತದೆ. ಇದನ್ನು ಸಾಧಿಸಿದ ಬೇರೆ ತಂಡವನ್ನು ನಮ್ಮ ಜಿಲ್ಲೆಯಲ್ಲಿ ನಾನು ಕಂಡಿಲ್ಲ.

ಇಷ್ಟಾದರೂ ಕೃತಿಗಳು ನಮಗೆ ಒಲಿಯಲಿಲ್ಲ. ಒಂದು ದಿನ ಬೇಸ್ ನುಡಿಸುವ ಗೆಳೆಯ ಕೇಳಿದ, “ಮಾಷ್ಟ್ರೇ, ಇದರಲ್ಲಿ ನನಗೆ ಜಾಗ ಎಲ್ಲಿ? ನೀವು ಸಂಗತಿ ಹಾಕುತ್ತಲೇ ಹೋಗುತ್ತೀರಿ, ನಾನು ಹಿಂದಿನಿಂದ ಓಡುತ್ತಲೇ ಇರಬೇಕಲ್ಲ.” ಅವನ ಮಾತು ನ್ಯಾಯವಾದದ್ದು. ಕೃತಿ ಪೂರ್ಣವಾಗಿ ಕಟ್ಟಿದ ರಚನೆ, ಅದರಲ್ಲಿ ಇನ್ನೊಬ್ಬನಿಗೆ ಉಳಿಸಿದ ಬಾಗಿಲಿಲ್ಲ. ರಾಗ-ತಾನ-ಪಲ್ಲವಿಯಲ್ಲಿ ಇದೆ. ಆಲಾಪನೆಯ ಅಡಿಯಲ್ಲಿ ಬೇಸ್ ಬಿಲ್ಲಿನಲ್ಲಿ ಎಳೆದಂತೆ ಮಂದ್ರ ಷಡ್ಜವನ್ನು ಉದ್ದಕ್ಕೆ ಹಿಡಿಯಬಹುದು. ತಾನಕ್ಕೆ ತಾಳವಿಲ್ಲ ಆದರೆ ಮಿಡಿತವಿದೆ, ಆದ್ದರಿಂದ ಡ್ರಮ್ಸ್‌ನವರು ಬ್ರಷ್ ಹಿಡಿದು ತಾನದ ಜೊತೆಗೆ ಬರಬಲ್ಲರು. ಪಲ್ಲವಿಯಾದರೋ ಒಂದೇ ಆವರ್ತದ ಸಾಲು, ಮತ್ತೆ ಮತ್ತೆ ಬರುವಂಥದ್ದು. ಜಾಝಿನವರು ರಿಫ್ ಎನ್ನುವ ವಸ್ತುವಿಗೆ ಇದಕ್ಕಿಂತ ಹತ್ತಿರದ ನೆಂಟ ಕರ್ನಾಟಕ ಸಂಗೀತದಲ್ಲಿಲ್ಲ. ಪಲ್ಲವಿಯ ಸಾಲನ್ನು ಬೇಸಿಗೆ ಒಪ್ಪಿಸಿ ನಾನು ಆ ಸಾಲನ್ನೇ ಬೆಳೆಸುವ ನೆರವಲಿಗೆ ಹೋಗುತ್ತೇನೆ, ಸ್ಯಾಕ್ಸೋಫೋನ್ ಕಲ್ಪನಾಸ್ವರಕ್ಕೆ ಬರುತ್ತದೆ, ಇಬ್ಬರೂ ಹಿಂದಿರುಗಿ ಬೀಳುವುದು ಬೇಸ್ ಕಾದಿಟ್ಟ ಎಡುಪಿಗೆ, ಅಂದರೆ ಪಲ್ಲವಿ ಎತ್ತುವ ಜಾಗಕ್ಕೆ. ಪಲ್ಲವಿಯ ಸಾಹಿತ್ಯ ಕನ್ನಡದ್ದೇ, ನಾನೇ ಕಟ್ಟಿದ್ದು. ಆರಂಭದಲ್ಲಿ ನನ್ನ ಶಿಷ್ಯೆಯೊಬ್ಬಳು ದಾಸರ ಒಂದು ಉಗಾಭೋಗ ಹಾಡುತ್ತಾಳೆ. ತಾಳದ ಹಂಗಿಲ್ಲದ ಉಗಾಭೋಗದ ಅಡಿಯಲ್ಲಿ ಗಾಂಧಾರವಿಲ್ಲದ ಕಾರ್ಡುಗಳು ಎಷ್ಟು ಹಿತವಾಗಿ ಹರಡುತ್ತವೆ ಎಂಬುದನ್ನು ಯಾರಾದರೂ ಒಮ್ಮೆ ಪ್ರಯತ್ನಿಸಿ ನೋಡಬೇಕು.

ಲಯದ ಕೆಲಸ ನಾನು ಎಣಿಸಿದ್ದಕ್ಕಿಂತ ಬೇಗ ದಾರಿಗೆ ಬಂತು. ಸ್ವಿಂಗ್ ಎಂಬ ಜಾಝಿನ ತೂಗಾಟದ ನಡೆಯನ್ನು ಆದಿತಾಳದ ಚತುರಶ್ರ (ಪೆಟ್ಟಿಗೆ ನಾಲ್ಕು ಮಾತ್ರೆಯ) ನಡೆಯ ಮೇಲೆ ಹೇರಿದರೆ ಮೃದಂಗ ಮತ್ತು ಡ್ರಮ್ಸ್ ಒಂದನ್ನೊಂದು ಎಡವುತ್ತವೆ. ಆದಿತಾಳವನ್ನು ತಿಶ್ರ ನಡೆಗೆ ತಂದರೆ 8 ಪೆಟ್ಟಿಗೆ 24 ಮಾತ್ರೆ. ಪ್ರತಿ ಪೆಟ್ಟಿನ ಮೊದಲ ಮತ್ತು ಮೂರನೆಯ ಮಾತ್ರೆಯಲ್ಲಿ ರೈಡ್ ಸಿಂಬಲ್ ಬಿದ್ದರೆ ಅದೇ ಸ್ವಿಂಗ್. ಮೃದಂಗದವರು ತಮ್ಮ ತಿಶ್ರ ನಡೆಯನ್ನು ಒಂದಿಷ್ಟೂ ಬದಲಿಸಬೇಕಾಗಲಿಲ್ಲ. ಐದರ ಲೆಕ್ಕದಲ್ಲಿ ಮಾತ್ರ ಬಹಳ ದಿನ ಜಗ್ಗಾಡಿದೆವು: ನಮ್ಮ ಖಂಡಛಾಪು 2+3, ಡೇವ್ ಬ್ರೂಬೆಕ್ ಅವರ ತಂಡದಿಂದ ಜಾಝಿನವರ ಕೈಗೆ ಹತ್ತಿದ ಐದು 3+2. ಒತ್ತು ಬೀಳುವ ಜಾಗವೇ ಬೇರೆ. ಕೊನೆಗೆ ಎರಡನ್ನೂ ಒಂದು ಆವರ್ತದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು 2+3+3+2 ಎಂದು 10 ಮಾಡಿಕೊಂಡೆವು, ನಡುವಿನ ಎರಡು ಮೂರುಗಳಲ್ಲಿ ಇಬ್ಬರೂ ಕೂಡುತ್ತಾರೆ.

ಡ್ರಮ್ಸ್‌ನವನಿಗೆ ಸ್ಟಾಫ್ ಸ್ವರಲಿಪಿಯಲ್ಲಿ ಮುಕ್ತಾಯಗಳನ್ನು ಬರೆದುಕೊಟ್ಟದ್ದು ಪ್ರಯೋಜನಕ್ಕೆ ಬರಲಿಲ್ಲ, ಬಾಯಿಪಾಠದಲ್ಲಿ ಕೊಟ್ಟಾಗ ಒಂದು ವಾರದಲ್ಲಿ ಹಿಡಿದ. ಉದಾಹರಣೆಗೆ ಒಂದನ್ನು ಬಿಡಿಸಿ ಹೇಳುತ್ತೇನೆ. ಆದಿತಾಳ ಚತುರಶ್ರದ 32 ಮಾತ್ರೆಗಳಲ್ಲಿ ‘ತದಿಂಗಿಣತೋಂ’ ಎಂಬ ಐದು ಮಾತ್ರೆಯ ಜತಿ ಮೂರು ಸಲ, ನಡುವೆ ಎರಡೆರಡು ಮಾತ್ರೆಯ ಬಿಡುವು (ಕಾರ್ವೆ). ಒಟ್ಟು 19 ಮಾತ್ರೆ. ಸಮದಿಂದ (ಆವರ್ತದ ಮೊದಲ ಪೆಟ್ಟು) 13 ಮಾತ್ರೆ ಬಿಟ್ಟು, ನಾಲ್ಕನೆಯ ಪೆಟ್ಟಿನ ಎರಡನೆಯ ಮಾತ್ರೆಯಲ್ಲಿ ಎತ್ತಿದರೆ ಸರಿಯಾಗಿ ಮುಂದಿನ ಸಮಕ್ಕೆ ಮುಗಿಯುತ್ತದೆ. ಆ 13 ಮಾತ್ರೆಗಳನ್ನು ಡ್ರಮ್ಸ್‌ನವನು ಖಾಲಿ ಬಿಡಬೇಕು, ಹೈ-ಹ್ಯಾಟ್ ಕಾಲಿನಲ್ಲಿ ಪೆಟ್ಟು ಮಾತ್ರ ಹೇಳಬೇಕು. ಜಾಝಿನವನಿಗೆ ಖಾಲಿ ಬಿಡುವುದನ್ನು ಕಲಿಸುವುದೇ ಕಷ್ಟ, ಬಾರ್ ಮುಗಿಯುವಲ್ಲಿ ಅವನ ಕೈ ತಾನಾಗಿ ತುಂಬಲು ಹೊರಡುತ್ತದೆ. ಒಮ್ಮೆ ಇದು ಕೂತ ಮೇಲೆ ತಾಳವಾದ್ಯಗಳ ಸರದಿಯಾದ ತನಿ ಆವರ್ತನ ನಮ್ಮ ಕಚೇರಿಯ ಅತ್ಯುತ್ತಮ ಭಾಗವಾಯಿತು. ನಾಲ್ಕು ನಾಲ್ಕು ಬಾರ್ ಹಂಚಿಕೊಂಡು ನುಡಿಸುವ ಅವರ ಪದ್ಧತಿ ಮತ್ತು ಎರಡು ಆವರ್ತ, ಒಂದು, ಅರ್ಧ, ಕಾಲು ಎಂದು ಇಳಿಯುವ ನಮ್ಮ ಕುರೈಪು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಹೇಳಿಕೊಡಬೇಕಾದದ್ದು ಅಲ್ಲಿ ಏನೂ ಇರಲಿಲ್ಲ.

ಇದರ ನಡುವೆ ಮಾಡಿನೋಡಿದ ಬೇರೆ ಪ್ರಯೋಗಗಳೂ ಇವೆ. ಕೀಬೋರ್ಡಿನ ಪಿಚ್ ಬೆಂಡ್ ಚಕ್ರದಿಂದ ಗಮಕ ತರಿಸಿದೆವು. ಜಾರು ಚೆನ್ನಾಗಿ ಬಂತು, ಕಂಪಿತ ಬರಲಿಲ್ಲ, ಬಿಟ್ಟೆವು. ಹಳೆಯ ಬೇಸ್ ಗಿಟಾರೊಂದನ್ನು ಕೊಂಡು ಅದರ ಮನೆಕಟ್ಟುಗಳನ್ನೆಲ್ಲ ಕೀಳಿಸಿ, ಸೀಳುಗಳಿಗೆ ಮರದ ಪಟ್ಟಿ ತುಂಬಿಸಿ, ಮನೆಯಿಲ್ಲದ ಬೇಸ್ ಮಾಡಿಸಿದೆ. ಗಿಟಾರಿಗೆ 8 ಸಾವಿರ, ಕೆಲಸಕ್ಕೆ 3 ಸಾವಿರದಷ್ಟು. ವೀಣೆಯ ಮಂದ್ರದಂತಹ ಜಾರು ಅದರಲ್ಲಿ ಸಿಗುತ್ತದೆ, ಆದರೆ ಮನೆಯ ಗುರುತಿಲ್ಲದ ಕೋಲಿನ ಮೇಲೆ ವೇದಿಕೆಯ ಮಂದ ಬೆಳಕಿನಲ್ಲಿ ಸ್ವರಸ್ಥಾನ ಹುಡುಕುವುದು ಸುಲಭವಲ್ಲ, ಹಾಗಾಗಿ ಈಗ ಅದನ್ನು ಆಲಾಪನೆಗೆ ಮಾತ್ರ ಇಟ್ಟುಕೊಂಡಿದ್ದೇವೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಪಕ್ಕದವರಾಗಿ ತೆಂಕುತಿಟ್ಟಿನ ಚೆಂಡೆಯನ್ನು ಬಿಡುವುದು ಹೇಗೆ ಎಂದು ಅದನ್ನೂ ತಂದೆವು. ಬಯಲಿನಲ್ಲಿ ಅದರ ಬೀಸು ಅದ್ಭುತ. ಸಭಾಂಗಣದಲ್ಲಿ ವಯಲಿನ್ನಿನ ಮೈಕಿನೊಳಗೆಲ್ಲ ಚೆಂಡೆಯೇ ತುಂಬಿತು. ಚೆಂಡೆಯವರನ್ನು ವೇದಿಕೆಯ ಹಿಂದಿನ ಬಾಗಿಲಲ್ಲಿ ನಿಲ್ಲಿಸಿ, ಮೈಕ್ ಇಲ್ಲದೆ, ತನಿಯ ಕೊನೆಯ ಮುಕ್ತಾಯಕ್ಕೆ (ಕೋರ್ವೆ) ಮಾತ್ರ ಬರಮಾಡಿಕೊಂಡರೆ ಒಳ್ಳೆಯ ಪರಿಣಾಮ ಸಿಗುತ್ತದೆ. ಬಯಲು ಕಾರ್ಯಕ್ರಮಗಳಿಗೆ ಈಗಲೂ ಕರೆಯುತ್ತೇವೆ.

ಗ್ರಹಭೇದದ, ಅಂದರೆ ಬೇರೊಂದು ಸ್ವರವನ್ನು ಷಡ್ಜವೆಂದು ಹಿಡಿಯುವ, ಪ್ರಯೋಗ ಮಾತ್ರ ಪಕ್ಕದ ಪ್ರಯೋಗವಾಗಿ ಉಳಿಯದೆ ಕಚೇರಿಯ ಒಳಗೇ ಬಂತು. ಮೋಹನದ ಗಾಂಧಾರವನ್ನು ಷಡ್ಜ ಮಾಡಿದರೆ ಹಿಂದೋಳ, ಧೈವತವನ್ನು ಮಾಡಿದರೆ ಶುದ್ಧಧನ್ಯಾಸಿ, ಇದು ಎಲ್ಲರಿಗೂ ಗೊತ್ತು. ಸಾಮಾನ್ಯವಾಗಿ ವಾದಕನು ಅದನ್ನು ಸೂಚಿಸಿ ಹಿಂದಿರುಗುತ್ತಾನೆ, ಏಕೆಂದರೆ ತಂಬೂರಿ ಹಳೆಯ ಷಡ್ಜವನ್ನು ಬಿಡುವುದಿಲ್ಲ. ನಮ್ಮಲ್ಲಿ ಆಧಾರವನ್ನು ಬೇಸ್ ಹಿಡಿದಿರುವುದರಿಂದ ಆಧಾರವನ್ನೇ ಸರಿಸಬಹುದು. ನಾನು ಮೋಹನದ ಅದೇ ಸ್ವರಗಳಲ್ಲಿ ಮುಂದುವರಿಯುತ್ತೇನೆ. ಧ್ವನಿ ನಿರ್ವಾಹಕರು ತಂಬೂರಿಯನ್ನು ಎರಡು ಆವರ್ತಗಳಲ್ಲಿ ನಿಧಾನವಾಗಿ ಇಳಿಸುತ್ತಾರೆ, ಬೇಸ್ ಷಡ್ಜದಿಂದ ಧೈವತಕ್ಕೆ ಸರಿಯುತ್ತದೆ, ವಯಲಿನ್ನಿನ ಬೆರಳು ಬದಲಾಗದೆ ರಾಗ ಬದಲಾಗುತ್ತದೆ. ತಂಬೂರಿಯನ್ನು ಇಳಿಸದೆ ಮಾಡಿದಾಗ ಇದು ಕೇಳಲಾರದಷ್ಟು ಕೆಟ್ಟಿತ್ತು. ಅಲ್ಲಿಂದ ಹಿಂದೋಳಕ್ಕೆ ದಾಟಿ ಮತ್ತೆ ಮೋಹನಕ್ಕೆ ಮರಳುವ ಕ್ಷಣದಲ್ಲಿ ಬೇಸ್ ಒಂದು ಸ್ವರವನ್ನು ಹಿಡಿದು ನಿಲ್ಲುತ್ತದೆ, ಅದರಿಂದಲೇ ಕೇಳುಗರಿಗೆ ಮನೆಗೆ ಬಂದಂತಾಗುವುದು. ಆ ಸ್ವರ ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಕಚೇರಿಗೆ ಬಂದು ಕೇಳಿ ಕಂಡುಹಿಡಿಯಬಹುದು. ಪ-ಸ-ಮ ಹಿಡಿತದ ಮೇಲೆ ಕೀಬೋರ್ಡಿನವನು ಎಡಗೈಯಲ್ಲಿ ಮಾಡುವ ಕೆಲಸವೂ ಸದ್ಯಕ್ಕೆ ನಮ್ಮೊಳಗೇ ಇರಲಿ.

ಧ್ವನಿವರ್ಧಕದ ವಿಚಾರಕ್ಕೆ ನಾನು ಖರ್ಚು ಮಾಡಿದಷ್ಟು ಬೇರೆ ಯಾವುದಕ್ಕೂ ಮಾಡಿಲ್ಲ. ಮೃದಂಗದ ಎಡ, ಬೇಸ್, ಡ್ರಮ್ಸ್‌ನ ಕಿಕ್ ಮೂರೂ ಒಂದೇ ತಗ್ಗಿನಲ್ಲಿ ಬಂದು ಕೂರುತ್ತವೆ, ಮೂರೂ ಇದ್ದರೆ ಎಡದ ಗುಂಕಿ ನಾದ ಕೇಳಿಸುವುದೇ ಇಲ್ಲ. ಕಿಕ್ ಅನ್ನು ತನಿಯಲ್ಲಿ ಮಾತ್ರ ಉಳಿಸಿ, ಉಳಿದ ಕಚೇರಿಗೆ ಬ್ರಷ್, ರೈಡ್, ಹೈ-ಹ್ಯಾಟ್ ಸಾಕೆಂದು ನಿಶ್ಚಯಿಸಿದೆವು. ಬೇಸಿಗೆ ಹಳೆಯ ಆಂಪ್ಲಿಫಯರ್ ಒಂದನ್ನು 22 ಸಾವಿರಕ್ಕೆ ಕೊಂಡೆ, ವಯಲಿನ್ನಿಗೆ ಪಿಕಪ್ ಹಾಕಿಸಲು 9 ಸಾವಿರದ ಹತ್ತಿರ ಹೋಯಿತು. ಸಣ್ಣದೊಂದು ಮಿಕ್ಸರನ್ನೂ ಸ್ವಂತಕ್ಕೆ ತೆಗೆದುಕೊಂಡೆವು, ಉತ್ಸವಗಳ ಸೌಂಡ್ಸ್‌ನವರಿಗೆ ಒಂದೇ ತಂತಿ ಕೊಟ್ಟರೆ ಅವರ ಕೆಲಸವೂ ಸುಲಭ. ಒಟ್ಟಾರೆ ಎರಡು ಲಕ್ಷದ ಮೇಲೆ ಕೈಯಿಂದ ಹೋಗಿದೆ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಈಗ ಮರಳಿದೆ.

ಮೊದಲ ಪೂರ್ಣ ಕಚೇರಿಯನ್ನು ಕಾಸರಗೋಡಿನ ಒಂದು ಸಭಾಂಗಣದಲ್ಲಿ ನಾವೇ ಬಾಡಿಗೆ ಕೊಟ್ಟು ನಡೆಸಿದೆವು. ಮುನ್ನೂರು ಮಂದಿಯ ಹತ್ತಿರ ಸೇರಿರಬೇಕು, ಕನ್ನಡ, ತುಳು, ಮಲಯಾಳ ಮಾತಾಡುವವರೆಲ್ಲ ಇದ್ದರು. ಖರಹರಪ್ರಿಯದ ರಾಗ-ತಾನ-ಪಲ್ಲವಿಯೊಂದೇ ಒಂದು ಗಂಟೆಗೂ ಮೇಲೆ ನಡೆಯಿತು, ಎದ್ದು ಹೋದವರು ಬೆರಳೆಣಿಕೆಯಷ್ಟು. ಹಂಸಧ್ವನಿಯ ಕಾಲದಲ್ಲಿ ನನಗೆ ಬುದ್ಧಿ ಹೇಳಿದ್ದ ಹಿರಿಯ ವಿದ್ವಾಂಸರು ಎದುರಿನ ಸಾಲಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಕಚೇರಿಯ ನಂತರ ಹಿಂದೆ ಬಂದು, “ಅಲ್ಲ ಮಾರಾಯಾ, ಆ ಗಾಂಧಾರವನ್ನು ಅವ ಮುಟ್ಟುವುದೇ ಇಲ್ಲವಲ್ಲ! ಹೀಗಾದರೆ ನನ್ನ ತಕರಾರು ಏನೂ ಇಲ್ಲ” ಎಂದರು. ಜಾಝ್ ಗೆಳೆಯರು ಕೇಳಿದ್ದು ಸ್ಯಾಕ್ಸೋಫೋನಿನ ಹುಡುಗ ಎಲ್ಲಿ ಕಲಿತವನು ಎಂದು.

ಈಗ ಏಳು ಮಂದಿಯ ತಂಡಕ್ಕೆ 75 ರಿಂದ 80 ಸಾವಿರ ಕೇಳುತ್ತೇವೆ, ದೇವಸ್ಥಾನಗಳಿಗೆ ಸ್ವಲ್ಪ ಕಡಿಮೆ. ಎಲ್ಲರಿಗೂ ಕೊಟ್ಟು, ವಾಹನ ಕಳೆದು, ನನಗೆ ಹತ್ತು ಹನ್ನೆರಡು ಸಾವಿರ ಉಳಿಯುತ್ತದೆ. ಸಿನಿಮಾ ಹಾಡು ನುಡಿಸುವವರಿಗೆ ಇದಕ್ಕಿಂತ ಹೆಚ್ಚು ಸಿಗುತ್ತದೆ, ಆದರೆ ನಷ್ಟವಿಲ್ಲದೆ ನಡೆಯುತ್ತಿದೆ. ಕಚೇರಿಗೆ ಎರಡು ಗಂಟೆ ಮೊದಲು ವೇದಿಕೆ ನಮ್ಮ ಕೈಗೆ ಸಿಗಬೇಕು ಎಂಬುದೊಂದೇ ನಮ್ಮ ಷರತ್ತು, ಅದನ್ನು ಒಪ್ಪದವರಲ್ಲಿಗೆ ಹೋಗುವುದಿಲ್ಲ. ತೋಡಿ, ಸಾವೇರಿ, ವರಾಳಿಗಳನ್ನು ಈ ತಂಡದಲ್ಲಿ ಮುಟ್ಟಿಲ್ಲ. ಅಲ್ಲಿ ರಿಷಭವನ್ನೂ ಮಧ್ಯಮವನ್ನೂ ಕೀಬೋರ್ಡಿನಿಂದ ತೆಗೆಯಬೇಕಾಗುತ್ತದೆ, ಉಳಿಯುವುದು ಸ-ಪ ಎರಡೇ. ಎರಡು ಸ್ವರಗಳಲ್ಲಿ ಕೀಬೋರ್ಡಿನವನಿಗೆ ಏನು ಕೆಲಸ ಕೊಡಬಹುದೆಂದು ತೋಡಿಯಲ್ಲಿ ಈ ಮಳೆಗಾಲದಿಂದ ನೋಡುತ್ತಿದ್ದೇವೆ. ಎಡಗೈಯ ಮಂದ್ರ ಪಂಚಮವನ್ನು ಮಾತ್ರ ಹಿಡಿದು, ತಾನದ ಮಿಡಿತಕ್ಕೆ ಬಿಟ್ಟು ಬಿಟ್ಟು ಒತ್ತುವ ಒಂದು ಕ್ರಮ ಸದ್ಯ ಭರವಸೆ ಕೊಡುತ್ತಿದೆ.